ಚೈನ್ ಸಾ ಯಂತ್ರದ ಬ್ರೇಕ್: ಜೋಡಣೆ ಮತ್ತು ದೋಷ ಪರಿಹಾರ



ಮಲೆನಾಡಿನ ಕಾಫಿ ತೋಟಗಳಲ್ಲಿ ಮರಗಸಿ ಮಾಡಲು, ಗಾಳಿಮಳೆಗೆ ಉರುಳಿದ ಸಿಲ್ವರ್ ಓಕ್ ಮರಗಳನ್ನು ತುಂಡರಿಸಲು, ಸೌದೆ ಕೊಯ್ಯಲು ಚೈನ್ ಸಾ ಯಂತ್ರ ಬಳಕೆಯಲ್ಲಿದೆ. ಕೊಡಲಿಗೆ ಬಹಳ ಹೊತ್ತು ಹಿಡಿಯುವ ಕೆಲಸವನ್ನು ಇದು ಬೇಗ ಮುಗಿಸುತ್ತದೆ. ಆದರೆ ಓಡುತ್ತಿರುವ ಯಂತ್ರದ ಅಲಗಿನ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ, ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖ, ಕುತ್ತಿಗೆಗಳತ್ತ ಚಿಮ್ಮುತ್ತದೆ. ಆಗ ಸರಪಳಿಯನ್ನು ನಿಲ್ಲಿಸುವ ಸಾಧನವೇ ಚೈನ್ ಬ್ರೇಕ್. ಶುಚಿ ಮಾಡಲು ಬಿಚ್ಚಿದವರು ಮರಳಿ ಕೂಡಿಸಲಾಗದೆ, ಬ್ರೇಕನ್ನು ಮೂಲೆಗೆ ಹಾಕಿ ಯಂತ್ರ ನಡೆಸುವುದುಂಟು. ಇದು ಪ್ರಾಣಾಪಾಯದ ಕೆಲಸ.

ರಚನೆ: ಕ್ಲಚ್ ಡ್ರಮ್ಮಿನ ಸುತ್ತ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದಕ್ಕೆ ಬಲವಾದ ಸ್ಪ್ರಿಂಗ್ ಮತ್ತು ಸನ್ನೆಯ ಸಂಪರ್ಕವಿದೆ. ಮುಂದಿನ ಹಿಡಿಕೆಯ ಎದುರಿಗಿರುವ ಕೈ ರಕ್ಷಕವನ್ನು ಮುಂದಕ್ಕೆ ತಳ್ಳಿದರೆ ಸನ್ನೆ ಕಳಚಿ, ಸ್ಪ್ರಿಂಗ್ ಪಟ್ಟಿಯನ್ನು ಬಿಗಿದು ಡ್ರಮ್ಮನ್ನು ಹಿಡಿಯುತ್ತದೆ. ಯಂತ್ರ ರಭಸದಿಂದ ಚಿಮ್ಮಿದಾಗ ಜಡತ್ವದಿಂದ ತಾನಾಗಿಯೇ ಹೀಗಾಗುತ್ತದೆ.

ಬಿಚ್ಚುವಾಗ: ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ರಕ್ಷಕವನ್ನು ಹಿಡಿಕೆಯತ್ತ ಎಳೆದು ಬ್ರೇಕ್ ಸಡಿಲಿಸಿದ ನಂತರವೇ ಕವಚದ ನಟ್ಟುಗಳನ್ನು ಬಿಚ್ಚಬೇಕು. ಕವಚದೊಳಗೇ ಬ್ರೇಕ್ ಇರುವ ಮಾದರಿಗಳಲ್ಲಿ ಈ ಕ್ರಮ ತಪ್ಪಿದರೆ ಪಟ್ಟಿ ಕುಗ್ಗಿಕೊಳ್ಳುತ್ತದೆ. ಆಮೇಲೆ ಅದು ಡ್ರಮ್ಮಿನ ಮೇಲೆ ಕೂರುವುದಿಲ್ಲ. ಹೆಚ್ಚಿನವರಿಗೆ ಎದುರಾಗುವ ತೊಂದರೆ ಇದೇ. ಸುತ್ತಿಗೆಯಿಂದ ಬಡಿದು ಕೂರಿಸಬಾರದು. ರಕ್ಷಕ ಕವಚದಲ್ಲೇ ಇದ್ದರೆ, ಕವಚವನ್ನು ಭದ್ರವಾಗಿ ಹಿಡಿದು ರಕ್ಷಕವನ್ನು ಹಿಂದಕ್ಕೆ ಎಳೆಯಬೇಕು. ರಕ್ಷಕ ಯಂತ್ರದಲ್ಲೇ ಉಳಿಯುವ ಮಾದರಿಯಾದರೆ, ಕವಚದ ಸನ್ನೆಯನ್ನು ರಕ್ಷಕದ ಬುಡದ ಕಚ್ಚಿಗೆ ಸಿಕ್ಕಿಸಿ ಕೈಪಿಡಿ ಹೇಳಿದಂತೆ ತಿರುಗಿಸಬೇಕು. 'ಟಕ್' ಎಂದು ಪಟ್ಟಿ ಅಗಲವಾಗುತ್ತದೆ. ಬೆರಳುಗಳನ್ನು ಪಟ್ಟಿಯೊಳಗೆ ಇಡಬಾರದು. ಕಣ್ಣಿಗೆ ಕನ್ನಡಕ ಇರಲಿ. ಬ್ರೇಕ್ ಯಂತ್ರದ ಒಡಲಿನಲ್ಲೇ ಇರುವ ಮಾದರಿಗಳ ಸ್ಪ್ರಿಂಗನ್ನು ನುರಿತ ಮೆಕ್ಯಾನಿಕ್ಕೇ ಮುಟ್ಟುವುದು ಲೇಸು.

ಜೋಡಿಸುವಾಗ: ಮರದ ಹೊಟ್ಟು, ಎಣ್ಣೆ, ಅಂಟುಗಳನ್ನು ಬ್ರಷ್ಷಿನಿಂದ ತೆಗೆಯಬೇಕು. ಪಟ್ಟಿಯ ದಪ್ಪವನ್ನು ಹೆಚ್ಚು ಸವೆದ ಜಾಗದಲ್ಲಿ ಅಳೆಯಬೇಕು. ಕೆಲವು ಕೈಪಿಡಿಗಳು ಕನಿಷ್ಠ 0.6 ಮಿ.ಮೀ. ಇರಬೇಕೆನ್ನುತ್ತವೆ. ಅದಕ್ಕಿಂತ ತೆಳುವಾಗಿದ್ದರೆ, ಬಿರುಕಿದ್ದರೆ ಬದಲಿಸಬೇಕು. ಸನ್ನೆಯ ಕೀಲುಗಳಿಗೆ ತುಸು ಗ್ರೀಸ್ ಸಾಕು. ಪಟ್ಟಿಗೂ ಡ್ರಮ್ಮಿಗೂ ಗ್ರೀಸ್ ತಾಗಕೂಡದು. ಸರಪಳಿ, ಅಲಗು ಕೂಡಿಸಿ, ಬಿಗಿ ಮಾಡುವ ಮೊಳೆ ಅಲಗಿನ ರಂಧ್ರದಲ್ಲಿ ಕೂತಿದೆಯೇ ನೋಡಿ ಕವಚ ಹಾಕಬೇಕು. ಅಲಗಿನ ತುದಿಯನ್ನು ಮೇಲೆತ್ತಿ ಹಿಡಿದು ಸರಪಳಿಯ ಬಿಗಿತ ಸರಿಪಡಿಸಿ ನಟ್ಟು ಬಿಗಿಯಬೇಕು.

ಪರೀಕ್ಷೆ: ಮೊದಲು ಎಂಜಿನ್ ನಿಂತಿರುವಾಗ ಕೈಗವಸು ತೊಟ್ಟು ನೋಡಬೇಕು. ರಕ್ಷಕ ಮುಂದಿದ್ದಾಗ ಸರಪಳಿ ಅಲುಗಬಾರದು. ಹಿಂದಿದ್ದಾಗ ಸರಾಗವಾಗಿ ಸರಿಯಬೇಕು. ನಂತರ ಪ್ಲಗ್ಗಿನ ತಂತಿ ಕೂಡಿಸಿ, ಯಂತ್ರವನ್ನು ಗಟ್ಟಿ ನೆಲದ ಮೇಲಿಟ್ಟು ಎಂಜಿನ್ ಓಡಿಸಬೇಕು. ವೇಗ ಹೆಚ್ಚಿಸಿ, ಹಿಡಿಕೆ ಬಿಡದೆ ಎಡ ಮಣಿಕಟ್ಟಿನಿಂದ ರಕ್ಷಕವನ್ನು ತಳ್ಳಬೇಕು. ಸರಪಳಿ ತಕ್ಷಣ ನಿಲ್ಲಬೇಕು. ಕೂಡಲೇ ವೇಗ ತಗ್ಗಿಸಬೇಕು.

ದೋಷಗಳು ಮತ್ತು ಕಾರಣಗಳು:

1. ಸರಪಳಿ ನಿಧಾನವಾಗಿ ನಿಲ್ಲುವುದು: ಪಟ್ಟಿ ಸವೆದಿದೆ, ಇಲ್ಲವೆ ಎಣ್ಣೆ ತಾಗಿದೆ.

2. ರಕ್ಷಕ ತಳ್ಳಿದರೂ ಹಿಡಿಯದಿರುವುದು: ಹೊಟ್ಟು ಗಟ್ಟಿಕಟ್ಟಿದೆ, ಸ್ಪ್ರಿಂಗ್ ಅಥವಾ ಪಟ್ಟಿ ಮುರಿದಿದೆ.

3. ಹೊಗೆ, ಸುಟ್ಟ ವಾಸನೆ: ಬ್ರೇಕ್ ಹಾಕಿರುವಾಗಲೇ ಎಂಜಿನ್ ವೇಗ ಹೆಚ್ಚಿಸಲಾಗಿದೆ. ಡ್ರಮ್ ನೀಲಿಗಟ್ಟಿದೆಯೇ ನೋಡಬೇಕು.

4. ವೇಗ ತಗ್ಗಿಸಿದರೂ ಸರಪಳಿ ತಿರುಗುವುದು: ಇದು ಬ್ರೇಕಿನ ದೋಷವಲ್ಲ. ಎಂಜಿನ್ನಿನ ನಿಧಾನಗತಿ ಹೆಚ್ಚಾಗಿದೆ, ಇಲ್ಲವೆ ಕ್ಲಚ್ಚಿನ ಸ್ಪ್ರಿಂಗ್ ಸಡಿಲವಾಗಿದೆ.

ರಕ್ಷಕವನ್ನು ತಂತಿಯಿಂದ ಹಿಂದಕ್ಕೆ ಕಟ್ಟಿ ಕೆಲಸ ಮಾಡಬಾರದು. ಬ್ರೇಕ್ ಇದೆಯೆಂದು ಒಂದೇ ಕೈಯಲ್ಲಿ ಯಂತ್ರ ಹಿಡಿಯುವುದಾಗಲಿ, ಭುಜಕ್ಕಿಂತ ಮೇಲೆ ಕೊಯ್ಯುವುದಾಗಲಿ ಸಲ್ಲದು. ದಿನವೂ ಕೆಲಸಕ್ಕೆ ಮುನ್ನ ಬ್ರೇಕ್ ಪರೀಕ್ಷಿಸಿರಿ. ಅದು ಹಿಡಿಯದಿದ್ದರೆ ಆ ದಿನದ ಮರಗಸಿಯನ್ನು ನಿಲ್ಲಿಸಿರಿ. ಕೊಂಬೆ ನಾಳೆಯೂ ಅಲ್ಲೇ ಇರುತ್ತದೆ.