ಹೊಳೆಯ ಪಾಸ್‌ಬುಕ್ಕು

ಸಂಘದ ಸಭೆಯಲ್ಲಿ ಮಾಡಿದ ಭಾಷಣ



ನದಿಯ ವಿಷಯವಾಗಿ ಮಾತನಾಡಲು ಬ್ಯಾಂಕಿನ ಗುಮಾಸ್ತನೊಬ್ಬ ಎದ್ದು ನಿಂತುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ನಾನು ಓದಿದ್ದು ಬಿ.ಕಾಂ. ಇಂಜಿನಿಯರಿಂಗಿನ ಗಂಧ ನನಗಿಲ್ಲ. ಆದರೆ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದು ಗೊತ್ತು; ಈ ವಿಷಯದಲ್ಲಿ ತಪ್ಪಿದವನೂ ನಾನೇ. ಅದನ್ನೇ ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮೂರು ವಿಜಯಪುರ ಜಿಲ್ಲೆಯದು. ಊರ ಮಗ್ಗುಲಿಗೇ ಒಂದು ಹಳ್ಳ; ಅದು ಹೋಗಿ ಭೀಮೆಯನ್ನು ಸೇರುತ್ತದೆ. ಈ ಪುಣೆಯ ಮುಠಾ ನದಿಯ ನೀರೂ ಕಡೆಗೆ ಭೀಮೆಗೇ ಬೀಳುವುದರಿಂದ, ಇಲ್ಲಿಗೆ ಬಂದರೂ ನಾನು ಹೊಳೆ ಬಿಟ್ಟು ಬಂದಿಲ್ಲವೆಂದು ಸಮಾಧಾನ ಮಾಡಿಕೊಂಡಿದ್ದೇನೆ. 2018ರ ದೀಪಾವಳಿಗೆ ಊರಿಗೆ ಹೋದಾಗ ನಮ್ಮಣ್ಣ ಸಾಲ ತೆಗೆದು, ಹಳ್ಳಕ್ಕೆ ಪಂಪು ಕೂಡಿಸಿ, ಎರಡೆಕರೆ ಕಬ್ಬು ಹಚ್ಚುವ ಮಾತು ತೆಗೆದ. ಹಳ್ಳದ ನೀರನ್ನು ತಿಂಗಳವಾರು ಅಳೆದು ಬರೆದ ಚೀಟಿಯೊಂದು ಅವನ ಹತ್ತಿರವಿತ್ತು. “ತಮ್ಮಾ, ನೀ ಲೆಕ್ಕಾ ಬಲ್ಲಾಂವ, ನೋಡಿ ಹೇಳು,” ಎಂದ.

ನಾನು ಹನ್ನೆರಡು ಅಂಕಿಗಳನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಿದೆ. ಸೆಕೆಂಡಿಗೆ 375 ಲೀಟರ್ ಬಂತು. ಅಣ್ಣನ ಪಂಪಿಗೆ ಬೇಕಾದದ್ದು 10 ಲೀಟರ್. “ಅಣ್ಣಾ, ಒಂದಲ್ಲ, ಮೂವತ್ತು ಪಂಪು ಕೂಡಿಸಿದ್ರೂ ನೀರು ಉಳೀತದ,” ಎಂದುಬಿಟ್ಟೆ. ಅಣ್ಣ ನನ್ನ ಮಾತು ನಂಬಿದ.

ಮಾರ್ಚ್ ತಿಂಗಳಲ್ಲಿ ಕಬ್ಬು ಬಾಡತೊಡಗಿತು. ಮೇ ತಿಂಗಳಲ್ಲಿ ಅದನ್ನು ಕೊಯ್ದು ದನಗಳಿಗೆ ಹಾಕಿದರು.

ನಮ್ಮ ಓಣಿಯಲ್ಲಿರುವ ನಿವೃತ್ತ ನೀರಾವರಿ ಇಂಜಿನಿಯರರೊಬ್ಬರಿಗೆ ಆ ಚೀಟಿಯನ್ನು ತೋರಿಸಿದೆ. ಅವರು ಬೈಯಲಿಲ್ಲ. “ಒಬ್ಬ ಗಿರಾಕಿಯ ಖಾತೆಯಲ್ಲಿ ವರ್ಷದ ಸರಾಸರಿ ಶಿಲ್ಕು ಚೆನ್ನಾಗಿದೆಯೆಂದ ಮಾತ್ರಕ್ಕೆ, ಅವನ ಚೆಕ್ಕು ಪ್ರತಿ ತಿಂಗಳೂ ಪಾಸಾಗುತ್ತದೆಂದು ಬರೆದುಕೊಡುತ್ತೀರೇನು?” ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಆಮೇಲೆ ಅವರು ಕಲಿಸಿದ್ದೇ ಫ್ಲೋ ಡ್ಯುರೇಷನ್ ಕರ್ವ್. ನಾವು ಹರಿವಿನ ಅವಧಿರೇಖೆ ಎನ್ನೋಣ.

ಚೀಟಿಯ ಅಂಕಿಗಳನ್ನು ತಿಂಗಳ ಹೆಸರು ಮರೆತು, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಂತೆ ಬರೆಯಬೇಕು: 1500, 1200, 800, 400, 300, 150, 80, 40, 20, 8, 2, 0. ಇವುಗಳಿಗೆ ಒಂದರಿಂದ ಹನ್ನೆರಡರವರೆಗೆ ಕ್ರಮಸಂಖ್ಯೆ ಹಾಕಿ. ಕ್ರಮಸಂಖ್ಯೆಯನ್ನು ಒಟ್ಟು ಅಂಕಿಗಳಿಗೆ ಒಂದು ಸೇರಿಸಿ ಬಂದುದರಿಂದ, ಎಂದರೆ 13ರಿಂದ ಭಾಗಿಸಿ, ನೂರರಿಂದ ಗುಣಿಸಿ. ನಾಲ್ಕನೆಯದಾದ 400ಕ್ಕೆ ಸುಮಾರು 31 ಬರುತ್ತದೆ. ಹತ್ತನೆಯದಾದ 8ಕ್ಕೆ ಸುಮಾರು 77. ಹರಿವು ಅಷ್ಟಾದರೂ ಇರುವುದು ನೂರರಲ್ಲಿ ಎಷ್ಟು ಪಾಲು ಕಾಲ ಎಂಬುದನ್ನು ಇದು ಹೇಳುತ್ತದೆ. ಗ್ರಾಫ್ ಹಾಳೆಯ ಅಡ್ಡಗೆರೆಯ ಮೇಲೆ ಈ ಶೇಕಡ, ನಿಂತ ಗೆರೆಯ ಮೇಲೆ ನೀರು. ಚುಕ್ಕೆಯಿಟ್ಟು ಕೂಡಿಸಿದರೆ ಎಡದಿಂದ ಬಲಕ್ಕೆ ಇಳಿಯುವ ರೇಖೆ ಸಿದ್ಧ. ನಾನು ಕೊಟ್ಟ 375 ಲೀಟರ್ ಹಳ್ಳದಲ್ಲಿ ಹರಿದದ್ದು ನಾಲ್ಕೇ ತಿಂಗಳು! ಮಳೆಗಾಲದ ಎರಡು ದೊಡ್ಡ ಅಂಕಿಗಳು ಸರಾಸರಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದುವು.

ಹನ್ನೆರಡು ಅಂಕಿಯ ರೇಖೆ ಮಕ್ಕಳ ಆಟ. ನಿಜವಾದ ಕೆಲಸಕ್ಕೆ ದಿನದಿನದ ಹರಿವು ಬೇಕು, ಅದೂ ಅನೇಕ ವರ್ಷಗಳದು. ಒಂದೇ ವರ್ಷ ಹಿಡಿದರೆ ಅದು ಒಳ್ಳೆಯ ಮಳೆಯ ವರ್ಷವಾಗಿದ್ದು ನಮ್ಮನ್ನು ಮೋಸಗೊಳಿಸಬಹುದು. ನೀರು ಸಾವಿರದಿಂದ ಎರಡಕ್ಕೆ ಇಳಿಯುವಲ್ಲಿ ಸಾದಾ ಹಾಳೆಯಲ್ಲಿ ಬಾಲ ಕಾಣುವುದೇ ಇಲ್ಲವಾದ್ದರಿಂದ, ನಿಂತ ಗೆರೆಗೆ ಲಾಗ್ ಅಳತೆ ಬಳಸುತ್ತಾರೆ. ರೇಖೆ ಕಡಿದಾಗಿ ಬಿದ್ದರೆ ಅದು ಮಳೆ ಬಂದಾಗ ಉಕ್ಕಿ ಆಮೇಲೆ ಒಣಗುವ ಹೊಳೆ. ಬಲತುದಿ ಮಟ್ಟಸವಾಗಿದ್ದರೆ ನೆಲದೊಳಗಿನ ಒರತೆಯೋ, ಹಿಮವೋ, ಮೇಲಿನ ಅಣೆಕಟ್ಟೋ ಅದನ್ನು ಪೋಷಿಸುತ್ತಿದೆಯೆಂದು ತಿಳಿಯಬೇಕು.

ಇದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಯಂತ್ರಕ್ಕೆ ವರ್ಷವಿಡೀ ಒಂದೇ ಸಮ ನೀರು ಬೇಕು. ಕಾವೇರಿಯೋ ಬೇಸಗೆಯಲ್ಲಿ ಬಡವಾಗುವವಳು. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರರಾಗಿದ್ದಾಗ, 1911ರಲ್ಲಿ, ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ನೀರಾವರಿಯಷ್ಟೇ ಅಲ್ಲ, ಶಿವನಸಮುದ್ರಕ್ಕೆ ತಪ್ಪದೆ ನೀರು ಕೊಡುವುದೂ ಅದರ ಉದ್ದೇಶವಾಗಿತ್ತು. ರೇಖೆಯ ಭಾಷೆಯಲ್ಲಿ ಹೇಳುವುದಾದರೆ, ಎಡದ ಗುಡ್ಡವನ್ನು ತಗ್ಗಿಸಿ ಬಲದ ಹಳ್ಳವನ್ನು ತುಂಬುವ ಕೆಲಸ ಅದು.

ಇನ್ನು ಪತ್ರಿಕೆಗಳಲ್ಲಿ ನಾವು ಓದಿ ಬಿಸಿಯಾಗುವ ನದಿ ವ್ಯಾಜ್ಯಗಳು. ಅಲ್ಲಿಯೂ ಇದೇ ಜಾತಿಯ ಲೆಕ್ಕವಿದೆ. ದಿನದ ಹರಿವಿನ ಬದಲು ವರ್ಷದ ಒಟ್ಟು ನೀರನ್ನು ಹೀಗೆ ಜೋಡಿಸುತ್ತಾರೆ. ಬಚಾವತ್ ನ್ಯಾಯಮಂಡಲಿ 1973ರಲ್ಲಿ ಕೃಷ್ಣೆಯ ನೀರನ್ನು 2060 ಟಿ.ಎಂ.ಸಿ. ಎಂದದ್ದು ಶೇಕಡ 75ರ ಭರವಸೆಯ ಮೇಲೆ, ಎಂದರೆ ನಾಲ್ಕರಲ್ಲಿ ಮೂರು ವರ್ಷ ಅಷ್ಟಾದರೂ ಬರುತ್ತದೆಂದು. ಕಾವೇರಿ ನ್ಯಾಯಮಂಡಲಿ 2007ರಲ್ಲಿ 740 ಟಿ.ಎಂ.ಸಿ. ಹಿಡಿದದ್ದು ಶೇಕಡ 50ರ ಮೇಲೆ. ಎರಡು ವರ್ಷಕ್ಕೊಮ್ಮೆ ಅಷ್ಟು ಬಾರದೆ ಹೋಗಬಹುದಾದ ನೀರಿಗೆ ಪಾಲುಪತ್ರ ಬರೆದರೆ, ಮಳೆ ಕೈಕೊಟ್ಟ ವರ್ಷ ಜಗಳ ಏಳುವುದು ಆಶ್ಚರ್ಯವಲ್ಲವೆಂದು ನನಗೆ ತೋರುತ್ತದೆ.

ರೇಖೆಗೆ ಒಂದು ಕುರುಡುತನವಿದೆ. ಹೇಳದೆ ಬಿಟ್ಟರೆ ಮತ್ತೆ ತಪ್ಪು ಮಾಡಿದಂತಾದೀತು. ತಿಂಗಳ ಹೆಸರನ್ನು ನಾವೇ ಮರೆತೆವಲ್ಲ? ಅಣ್ಣನ ಪಂಪಿಗೆ ಒಂಬತ್ತು ತಿಂಗಳು ಸಾಕಷ್ಟು ನೀರಿತ್ತು. ಬರಿಯ ರೇಖೆ ನೋಡಿದ್ದರೆ ನಾನು ಆಗಲೂ ಹೂಂ ಎನ್ನುತ್ತಿದ್ದೆನೇನೋ. ಕೊರತೆಯ ಮೂರು ತಿಂಗಳು ಬಿಡಿಬಿಡಿಯಾಗಿರಲಿಲ್ಲ. ಮಾರ್ಚ್, ಏಪ್ರಿಲ್, ಮೇ ಒಂದರ ಹಿಂದೊಂದು, ಕಬ್ಬಿಗೆ ಬಾಯಾರುವ ಕಾಲದಲ್ಲೇ ಬಂದುವು. ಆದ್ದರಿಂದ ರೇಖೆಯ ಪಕ್ಕದಲ್ಲಿ ಹಳೆಯ ಚೀಟಿಯನ್ನೂ ಇಟ್ಟುಕೊಂಡಿರಬೇಕು.

ಅಣ್ಣನ ಸಾಲದ ಕಂತುಗಳನ್ನು ಆಮೇಲೆ ನಾವಿಬ್ಬರೂ ಹಂಚಿಕೊಂಡು ಕಟ್ಟಿದೆವು. ಅವನು ಪಂಪನ್ನು ಮಾರಲಿಲ್ಲ. ಮಳೆಗಾಲ ಮುಗಿದ ಮೇಲೆ ಜೋಳಕ್ಕೂ ಕಡಲೆಗೂ ಒಂದೆರಡು ಸಲ ನೀರು ಕೊಡುತ್ತಾನೆ. ಫೆಬ್ರುವರಿ ಬಂತೆಂದರೆ ಬಿಚ್ಚಿ ಮನೆಯಲ್ಲಿಡುತ್ತಾನೆ. ಹೋದ ಸಲ ಹೋದಾಗ ಹಳ್ಳದ ದಂಡೆಯಲ್ಲಿ ಅಳತೆಯ ಕೋಲೊಂದನ್ನು ನೆಟ್ಟಿದ್ದ. ದಿನಾ ಮುಂಜಾನೆ ನೀರಿನ ಮಟ್ಟ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು ಅವನ ಮಗಳ ಕೆಲಸ.