ಅಪ್ಪನ ಬೈರಾಸು ಮತ್ತು ಕಪ್ಪು ಕಾರು

ಇವತ್ತಿನ ವಿಷಯ ಚಳಿಗಾಲದಲ್ಲಿ ಕಾರು ತೊಳೆಯುವುದು. ಅದರಲ್ಲಿ ಎಂತ ಉಂಟು, ನೀರು ಹಾಕಿ ಉಜ್ಜಿದರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆ ಉಜ್ಜುವುದೇ ನಮ್ಮ ಮನೆಗೆ ಎಷ್ಟು ದುಬಾರಿಯಾಯಿತು ಅಂತ ಮೊದಲು ಹೇಳ್ತೇನೆ.

ನಮ್ಮದು ಮೂಡುಬಿದಿರೆ ಹತ್ತಿರದ ಪುತ್ತಿಗೆ. ಅಪ್ಪನಿಗೆ ಸ್ವಲ್ಪ ಅಡಿಕೆ ತೋಟ. ಕೆಲವು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆವು, ಕಪ್ಪು ಬಣ್ಣದ್ದು. ಅಪ್ಪನ ಮೊದಲ ಕಾರು ಅದು. ಬೆಳಿಗ್ಗೆ ಚಾ ಕುಡಿಯುವ ಮೊದಲೇ ಅಂಗಳಕ್ಕೆ ಹೋಗಿ, ಹೆಗಲ ಮೇಲಿನ ಹಳೆ ಬೈರಾಸಿನಲ್ಲಿ ಕಾರನ್ನು ಪೂರ್ತಿ ಒರೆಸುತ್ತಿದ್ದರು. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಬಿದ್ದ ಇಬ್ಬನಿಯಿಂದ ಕಾರು ಹೇಗೂ ಒದ್ದೆ ಇರುತ್ತದಲ್ಲ. ನೀರು ಬೇರೆ ಬೇಡ, ದೇವರೇ ತೊಳೆದು ಕೊಟ್ಟಿದ್ದಾರೆ ಅಂತ ನಗುತ್ತಿದ್ದರು.

ಕಳೆದ ವರ್ಷ ತಂಗಿಯ ಫೀಸಿಗೆ ಒಟ್ಟಿಗೆ ಹಣ ಬೇಕಾಯಿತು. ಕಾರು ಮಾರುವ ಅಂತ ತೀರ್ಮಾನ ಆಯ್ತು. ನೋಡಲು ಬಂದವರು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬಾನೆಟ್ ಹತ್ತಿರ ಬಗ್ಗಿದರು. ಜೇಡರ ಬಲೆಯ ಹಾಗೆ ಸುತ್ತ ಸುತ್ತ ಸಣ್ಣ ಗೀರುಗಳು. ಮಾತಾಡಿದ ರೇಟಿನಲ್ಲಿ ಇಪ್ಪತ್ತೈದು ಸಾವಿರ ಕಡಿಮೆ ಹೇಳಿ ಹೋದರು. ಅಪ್ಪ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೆಲ್ಲ ಕೇಳಿದರು: "ನಾನು ದಿನಾ ಒರೆಸಿದ್ದೇನಲ್ಲ ಮಾರಾಯ, ಮತ್ತೆ ಹೇಗೆ ಗೀರು ಬಿತ್ತು?"

ದಿನಾ ಒರೆಸಿದ್ದಕ್ಕೇ ಬಿದ್ದದ್ದು ಅಂತ ಆಗ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ವಿಷಯಕ್ಕೆ ಬರುವ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಉಂಟು. ಹೊಳಪು ಕೊಡುವುದು, ಬಿಸಿಲಿನಿಂದ ಬಣ್ಣ ಕಾಯುವುದು ಅದೇ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಅಂದರೆ ಕೂದಲಿಗಿಂತ ತೆಳು.

ಇನ್ನು ನಮ್ಮೂರಿನ ಧೂಳು. ಮಳೆಗಾಲದಲ್ಲಿ ಧೂಳೇ ಇಲ್ಲ. ಚಳಿಗಾಲ ಶುರುವಾದರೆ ಮುರಕಲ್ಲಿನ ಕೆಂಪು ಮಣ್ಣು ಒಣಗಿ ಹಾರುತ್ತದೆ. ಬಿಕರ್ನಕಟ್ಟೆಯಿಂದ ಸಾಣೂರಿಗೆ 45 ಕಿಲೋಮೀಟರ್ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಮಂಗಳೂರಿಗೆ ಹೋಗಿಬಂದ ಕಾರಿನ ಬಣ್ಣ ಯಾವುದು ಅಂತ ಕೇಳುವುದೇ ಬೇಡವಾಗಿತ್ತು. ಕಂಬಳಕ್ಕೆ, ಬಯಲಾಟಕ್ಕೆ, ವಿರಾಸತ್‌ಗೆ ಹೋದರೆ ಗದ್ದೆಯಲ್ಲಿ, ಮೈದಾನದಲ್ಲಿ ಪಾರ್ಕಿಂಗ್. ಈ ಧೂಳಿನಲ್ಲಿ ಕಬ್ಬಿಣದ ಅಂಶದ ಜೊತೆ ಮರಳಿನ ಸಣ್ಣ ಹರಳುಗಳೂ ಇರುತ್ತವೆ. ಅವು ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ.

ಇಬ್ಬನಿ ಈ ಧೂಳನ್ನು ತೊಳೆಯುವುದಿಲ್ಲ. ಕಲಸಿ ಅಂಟಿಸುತ್ತದೆ, ಅಷ್ಟೇ. ಅದರ ಮೇಲೆ ಬೈರಾಸು ಒತ್ತಿ ತಿರುಗಿಸಿದರೆ ಉಪ್ಪು ಕಾಗದ ತಿಕ್ಕಿದ ಹಾಗೆ.

ಹಾಗಾದರೆ ಸರಿಯಾದ ಕ್ರಮ ಎಂತ? ಒಂದೇ ಮಾತು ನೆನಪಿಡಿ: ಮೊದಲು ನೀರು, ಆಮೇಲೆ ಕೈ.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಚಳಿಗಾಲ ಅಂದರೂ ನಮ್ಮಲ್ಲಿ ಮಧ್ಯಾಹ್ನ 32, 33 ಡಿಗ್ರಿ. ಬಿಸಿ ಬಾನೆಟ್ ಮೇಲೆ ಸೋಪು ನೀರು ಅಲ್ಲಲ್ಲೇ ಒಣಗಿ ಕಲೆ ಕೂರುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆ ಹೊತ್ತು.

ಬಟ್ಟೆ ಮುಟ್ಟಿಸದೆ ಮೇಲಿನಿಂದ ಕೆಳಗೆ ಪೈಪಿನಲ್ಲಿ ನೀರು ಬಿಡಿ. ಪೈಪು ಇಲ್ಲವಾ? ಮಗ್ಗಿನಲ್ಲಿ ಹೊಯ್ಯಿರಿ. ತೋಟದವರ ಮನೆಯಲ್ಲಿ ಬೆನ್ನಿಗೆ ಹಾಕುವ ಸ್ಪ್ರೇ ಪಂಪ್ ಇರುತ್ತದೆ, ಕಡಿಮೆ ನೀರಿನಲ್ಲಿ ಚಂದ ಕೆಲಸ ಆಗುತ್ತದೆ. ಆದರೆ ಮೈಲುತುತ್ತು, ಕಳೆನಾಶಕ ಬಿಟ್ಟ ಪಂಪು ಬೇಡವೇ ಬೇಡ. ಪ್ರೆಶರ್ ವಾಷರ್ ಇದ್ದರೆ ಒಂದೂವರೆ ಅಡಿಯಾದರೂ ದೂರ ಹಿಡಿಯಿರಿ. ಬಣ್ಣ ಎದ್ದ ಜಾಗಕ್ಕೆ ಹತ್ತಿರದಿಂದ ಹೊಡೆದರೆ ಇನ್ನಷ್ಟು ಸಿಪ್ಪೆ ಏಳುತ್ತದೆ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ಒರೆಸಿ, ಬರೀ ನೀರಿನಲ್ಲಿ ಜಾಲಾಡಿಸಿ, ಮತ್ತೆ ಶಾಂಪೂವಿಗೆ. ಉಜ್ಜುವುದು ನೇರ ಗೆರೆಯಲ್ಲಿ, ಒತ್ತಬೇಡಿ. ಮೊದಲು ಟಾಪ್, ಗ್ಲಾಸು, ಬಾನೆಟ್. ಬಾಗಿಲಿನ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ. ಬಟ್ಟೆ ನೆಲಕ್ಕೆ ಬಿತ್ತಾ? ಅದನ್ನು ಬಿಟ್ಟು ಬೇರೆ ತಗೊಳ್ಳಿ.

ಪಾತ್ರೆ ತೊಳೆಯುವ ಸೋಪು ಹಾಕಿದರೆ ಮೇಲಿನ ವ್ಯಾಕ್ಸ್ ಹೋಗುತ್ತದೆ. ಬಟ್ಟೆ ಸೋಪಿನ ಪುಡಿ ಕರಗದೆ ಉಳಿದರೆ ಅದೂ ಗೀರುತ್ತದೆ.

ಒಣಗಲು ಬಿಡಬೇಡಿ. ಒಣ ಮೈಕ್ರೋಫೈಬರ್ ಹಾಸಿ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ನೀರಿನ ಖನಿಜ ಬಿಳಿ ಚುಕ್ಕೆಯಾಗಿ ಕೂರುತ್ತದೆ. ತೊಳೆದ ಮೇಲೆ ಗಾಡಿ ಮೆಲ್ಲ ಹೊರಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ, ಒದ್ದೆ ಆರಲಿ.

ಚಳಿಗಾಲದ ಇನ್ನೊಂದು ಕಾಟ ಮಾವಿನ ಮರ. ಹೂ ಬಿಟ್ಟ ಮರದಲ್ಲಿ ಜಿಗಿಹುಳು ಇದ್ದರೆ ಅಂಟು ಹನಿ ಸುರಿಯುತ್ತದೆ, ಅದಕ್ಕೆ ಧೂಳು ಕೂರುತ್ತದೆ. ಹಕ್ಕಿ ಹಿಕ್ಕೆಯೂ ಅಷ್ಟೇ. ಉಗುರಿನಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹಾಸಿ ಬಿಡಿ, ತಾನಾಗಿ ಮೆತ್ತಗಾಗುತ್ತದೆ. ಹಿಕ್ಕೆಯನ್ನು ಮಾತ್ರ ನಾಳೆಗೆ ಬಿಡಬೇಡಿ, ಬಿಸಿಲಿಗೆ ಅದು ಬಣ್ಣವನ್ನೇ ತಿನ್ನುತ್ತದೆ.

ಕೆನಡಾದಲ್ಲಿ, ಅಮೆರಿಕದ ಉತ್ತರದ ಕಡೆ ಇದ್ದು ಕೇಳುವವರಿಗೆ ಒಂದು ಮಾತು. ನಮಗೆ ಧೂಳಾದರೆ ನಿಮಗೆ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು. ಅದು ತುಕ್ಕು ತರುವುದು ಕಾರಿನ ಅಡಿಗೆ, ಹಾಗಾಗಿ ಅಡಿಭಾಗವನ್ನೂ ತೊಳೆಸಿ. ಮಂಜುಗಟ್ಟಿದ ಗ್ಲಾಸಿಗೆ ಬಿಸಿನೀರು ಹೊಯ್ಯಬೇಡಿ, ಒಡೆಯಬಹುದು.

ಬಿದ್ದ ಗೀರಿಗೆ ಪಾಲಿಶ್ ಉಂಟಲ್ಲ ಅಂತ ಕೇಳ್ತೀರಿ. ಉಂಟು. ಆದರೆ ಪಾಲಿಶ್ ಅಂದರೆ ಆ ತೆಳು ಪದರವನ್ನೇ ಇನ್ನಷ್ಟು ತೆಳು ಮಾಡುವುದು. ಒಂದೆರಡು ಸಲ ಸರಿ, ವರ್ಷ ವರ್ಷ ಆಗುವ ಕೆಲಸ ಅಲ್ಲ.

ಕೊನೆಗೆ ನಾವು ಕಾರು ಮಾರಲಿಲ್ಲ. ದರ ಏರಲಿ ಅಂತ ಇಟ್ಟಿದ್ದ ಅಡಿಕೆ ಕೊಟ್ಟು ಫೀಸು ಕಟ್ಟಿದೆವು. ಒಂದು ಆದಿತ್ಯವಾರ ಅಪ್ಪನನ್ನು ಕರೆದು, ಎರಡು ಬಕೆಟ್ ಇಟ್ಟು ಅವರ ಎದುರೇ ತೊಳೆದೆ. ಬೈರಾಸಿನ ಸುದ್ದಿ ಎತ್ತಲಿಲ್ಲ. ಬರೀ ನೀರಿನ ಬಕೆಟ್ ಮೆಲ್ಲ ಬಗ್ಗಿಸಿ ತಳದಲ್ಲಿ ಕೂತ ಕೆಂಪು ಮರಳು ತೋರಿಸಿದೆ. ಅಪ್ಪ ಒಂದು ಚಿಟಿಕೆ ತೆಗೆದು ಬೆರಳಿನಲ್ಲಿ ತಿಕ್ಕಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದನ್ನಾ ನಾನು ದಿನಾ ಉಜ್ಜಿದ್ದು?" ಅಂದರು.

"ನನಗೂ ಗೊತ್ತಿರಲಿಲ್ಲ ಅಪ್ಪ" ಅಂದೆ. ಅದು ಸುಳ್ಳಲ್ಲ.

ಈಗ ವಾರಕ್ಕೊಮ್ಮೆ ತೊಳೆಯುವುದು ಅವರೇ. ಬೈರಾಸು ಹೆಗಲ ಮೇಲೇ ಉಂಟು, ಬೆವರು ಒರೆಸಲು. ನಿಮ್ಮ ಮನೆಯಲ್ಲೂ ಬೆಳಿಗ್ಗೆ ಹೀಗೆ ಒರೆಸುವವರು ಇದ್ದರೆ ಬೈಯಬೇಡಿ. ಒಂದು ಬಕೆಟ್ ನೀರು ತಂದು ಹತ್ತಿರ ನಿಲ್ಲಿ.