ಹಳೆಯ ಮೆಮೊರಿಗೆ ಹೊಸ ಜೊತೆ



ಮನೆಯ ಕಂಪ್ಯೂಟರು ನಿಧಾನವಾಯಿತೆಂದು ಅಂಗಡಿಗೆ ಹೋದರೆ ಒಂದು ಸಲಹೆ ಸಿಗುವುದುಂಟು: “ಹಳೆಯ ಮೆಮೊರಿ ತೆಗೆದುಹಾಕಿ. ಒಂದೇ ಅಳತೆಯ ಎರಡು ಹೊಸದು ಕೊಳ್ಳಿ.” ಹಾಗೆ ಖರ್ಚು ಮಾಡುವ ಮುನ್ನ ಈ ಮಾತನ್ನು ಸ್ವಲ್ಪ ಪರಿಶೀಲಿಸೋಣ.

ಇದಕ್ಕೊಂದು ಚರಿತ್ರೆಯಿದೆ. 1993ರಲ್ಲಿ ಬಂದ ಪೆಂಟಿಯಂ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಹಾದಿ 64 ಬಿಟ್ ಅಗಲದ್ದು. ಆಗಿನ 72 ಪಿನ್ನಿನ ‘ಸಿಮ್’ ಪಟ್ಟಿಯದು 32 ಬಿಟ್ ಮಾತ್ರ. ಹೀಗಾಗಿ ಸಾಮಾನ್ಯವಾಗಿ ಒಂದೇ ಅಳತೆಯ ಎರಡನ್ನು ಜೋಡಿಯಾಗಿ ಹಾಕಬೇಕಿತ್ತು. ಮುಂದೆ ಬಂದ ‘ಡಿಮ್’ ಪಟ್ಟಿ ಒಂದೇ 64 ಬಿಟ್ ಒದಗಿಸಿತು. ಕಡ್ಡಾಯ ಹೋಯಿತು, ನಂಬಿಕೆ ಉಳಿಯಿತು.

ಹಾಗಾದರೆ ಜೋಡಿಯಿಂದ ಲಾಭವಿಲ್ಲವೇ? ಇದೆ. ಇಂದಿನ ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಮೆಮೊರಿಗೆ ಎರಡು ಚಾನೆಲ್‌ಗಳಿವೆ. ಒಂದರಲ್ಲಿ 8, ಇನ್ನೊಂದರಲ್ಲಿ 4 ಗಿಗಾಬೈಟ್ ಇಟ್ಟಿರೆನ್ನಿ. ಎರಡೂ ಕಡೆಯ ನಾಲ್ಕು ನಾಲ್ಕು ಸೇರಿ 8 ಗಿಗಾಬೈಟ್ ಜೋಡಿಯಾಗಿ ಓಡುತ್ತದೆ. ಮಿಕ್ಕ 4 ಒಂಟಿಯಾಗಿ ನಡೆಯುತ್ತದೆ. ಇಂಟೆಲ್ ಇದನ್ನು ‘ಫ್ಲೆಕ್ಸ್ ಮೆಮೊರಿ’ ಎನ್ನುತ್ತದೆ. ಒಟ್ಟು 12 ಗಿಗಾಬೈಟೂ ನಿಮ್ಮ ಬಳಕೆಗೇ. ಮೆಮೊರಿ ಸಾಲದೆ ಕಂಪ್ಯೂಟರು ಪದೇ ಪದೇ ಡಿಸ್ಕಿನ ಮೊರೆಹೋದರೆ ಆಗುವ ವಿಳಂಬದ ಮುಂದೆ ಈ ಒಂಟಿ ನಡಿಗೆಯ ನಷ್ಟ ಅಲ್ಪ.

ವೇಗದ ವಿಷಯ ಜೋಡೆತ್ತಿನ ಗಾಡಿಯಂತೆ. 3200ರ ಜೊತೆ 2400 ಹೂಡಿದರೆ ಎರಡೂ 2400ರಲ್ಲೇ ಸಾಗುತ್ತವೆ.

ಬೆರೆಸಲಾಗದ್ದು ತಲೆಮಾರು. ಡಿಡಿಆರ್3ಕ್ಕೆ 240 ಪಿನ್, 1.5 ವೋಲ್ಟ್, ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ಡಿಡಿಆರ್5ಕ್ಕೂ ಪಿನ್ನು 288ೇ ಆದರೂ ಅದರ ಕಚ್ಚು ಇರುವ ಜಾಗ ಬೇರೆ. ಕೂರದ ಪಟ್ಟಿಯನ್ನು ಒತ್ತಿ ಕೂರಿಸಬೇಡಿ.

ಕೆಲಸಕ್ಕೆ ಮೊದಲು ವಿದ್ಯುತ್ ತಂತಿ ಕಳಚಿ. ಮೈಯ ಸ್ಥಾಯೀ ವಿದ್ಯುತ್ತು ಹರಿದುಹೋಗುವಂತೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಯಾವ ಸ್ಲಾಟು ಯಾವ ಚಾನೆಲ್‌ಗೆ ಸೇರಿದ್ದೆಂದು ಮದರ್‌ಬೋರ್ಡಿನ ಕೈಪಿಡಿಯಲ್ಲಿ ನೋಡಿ, ಒಂದೊಂದರಲ್ಲಿ ಒಂದೊಂದು ಪಟ್ಟಿ ಇಡಿ. ಕಂಪ್ಯೂಟರು ಪೂರ್ತಿ ಮೊತ್ತ ತೋರಿಸಿದ ಮೇಲೂ ಒಂದು ರಾತ್ರಿ ಮೆಮೊರಿ ಪರೀಕ್ಷೆ ನಡೆಸಿ. ಅಂಗಡಿಗಳು ಹೇಳುವ ಹೊಂದಾಣಿಕೆಯ ಭಯ ಪೂರ್ತಿ ಸುಳ್ಳಲ್ಲ; ಕೆಲವು ಪಟ್ಟಿಗಳು ಒಂದಕ್ಕೊಂದು ಒಗ್ಗುವುದಿಲ್ಲ. ಆದ್ದರಿಂದ ಹಿಂದಿರುಗಿಸುವ ಅವಕಾಶವಿರುವಲ್ಲೇ ಕೊಳ್ಳಿ.

ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ಸಮಜೋಡಿಯೇ ಉತ್ತಮ. ಮನೆಯಲ್ಲಿ ಒಂದು ಒಳ್ಳೆಯ ಪಟ್ಟಿ ಇದ್ದವರು ಮಾತ್ರ ಅದನ್ನು ಎಸೆಯುವ ಅವಸರ ಮಾಡಬೇಕಿಲ್ಲ.